ಚಾಚಾ ಕೈಗೆ ಬಂದ ಚರ್ಚಿನ ಕಂಬ

ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಚಾಚಾ ಗೊಂಬೆ ಕಡೆಯುತ್ತಿದ್ದರು. ಯಾವ ಮರ ಕಂಡರೂ ಹೆಬ್ಬೆರಳಿನಿಂದ ಸವರಿ, ‘ಒಸಿ ತಾಳು, ನೋಡವ’ ಅನ್ನುವುದು ಅವರ ಅಭ್ಯಾಸ. ಕರಕುಶಲ ಮೇಳಕ್ಕೆಂದು ನಾನೂ ಅವರೂ ಮಾರಿಷಸ್‌ಗೆ ಹೋದಾಗ, ಬಿಡುವಿನ ದಿನ ಅಲ್ಲಿನ ಹಳೆಯ ದೊಡ್ಡ ಚರ್ಚೊಂದನ್ನು ನೋಡಲು ಹೋದೆವು. ಎಲ್ಲರೂ ತಲೆಯೆತ್ತಿ ಬಣ್ಣದ ಗಾಜು ನೋಡುತ್ತಿದ್ದರೆ, ಚಾಚಾ ಬಗ್ಗಿ ಮರದ ಕಟಕಟೆಯ ಪುಟ್ಟ ಕಂಬವೊಂದನ್ನು ಸವರಿದರು. ಅದು ಕಳಚಿ ಕೈಗೇ ಬಂತು.

ಚಾಚಾ ಮುಖ ಬಿಳಿಚಿಕೊಂಡಿತು. ‘ಹಳೇ ಕಾಲದ್ದು ಕಣಪ್ಪ, ಕಿತ್ತಾಕ್ಬುಟ್ಟೆ!’

‘ಅಲ್ಲೇ ಇಟ್ಟು ಸುಮ್ಮನೆ ನಡೀರಿ ಚಾಚಾ’ ಎಂದೆ.

‘ತಪ್ಪಾಗೈತೆ. ಹೇಳೇ ಹೋಗವ.’

ಚರ್ಚು ನೋಡಿಕೊಳ್ಳುವ ಮುದುಕರೊಬ್ಬರು ಬಂದಾಗ ಚಾಚಾ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಮುದುಕರು ನಕ್ಕು, ಅದು ಎಷ್ಟೋ ವರ್ಷದಿಂದ ಹಾಗೇ ಕಳಚುತ್ತಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಅದನ್ನು ತಿಳಿಸಿದ್ದೇ ಚಾಚಾ ಉಸ್ಸೆಂದು ನೆಲದ ಮೇಲೇ ಕುಳಿತರು. ಆಮೇಲೆ ಕರವಸ್ತ್ರದ ಅಂಚಿನ ದಾರ ಕಿತ್ತು, ಕಂಬದ ಬುಡಕ್ಕೆ ಸುತ್ತಿ, ತೂತಿಗೆ ತಿರುಪಿ ಕೂರಿಸಿದರು. ಮುದುಕರು ಅಲುಗಿಸಿ ನೋಡಿದರು. ಕದಲಲಿಲ್ಲ. ಚಾಚಾರ ಕೈ ಹಿಡಿದು ಮೂಲೆಯ ಇನ್ನೊಂದು ಸಡಿಲ ಕಂಬದ ಹತ್ತಿರ ಕರೆದೊಯ್ದರು.

‘ಜೈಲಿಗಾಕ್ತಾರೆ ಅಂದ್ಕೊಂಡ್ರೆ ಕೆಲ್ಸ ಕೊಡ್ತಾವ್ರಲ್ಲಪ್ಪ!’ ಎಂದು ಚಾಚಾ ಚರ್ಚೆಲ್ಲ ಮೊಳಗುವಂತೆ ನಕ್ಕರು.