ಮಬ್ಬಾದ ಉಪ್ಪಿನ ಬಿಲ್ಲೆ

ಉಪ್ಪಿನ ಬಿಲ್ಲೆಯ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತುವಾಗ ನಮ್ಮ ಗೈಡ್ ಸರ್ ಉಸಿರು ಬಿಗಿಹಿಡಿಯುತ್ತಿದ್ದರು. ಗಲ್ಲ ಉಬ್ಬಿ, ಬಿಳಿ ಮೀಸೆ ಮೂಗಿಗೆ ತಾಗಿ, ಮುಖ ಕೆಂಪಗಾಗುತ್ತಿತ್ತು. ಗಾಜಿನಷ್ಟು ತಿಳಿಯಾಗುವಂತೆ ಉಜ್ಜಿದ ಅಂಥ ಎರಡು ಬಿಲ್ಲೆಗಳ ನಡುವೆ ಒಂದು ಹನಿ ದ್ರವ ಇಟ್ಟು ಅತಿಗೆಂಪು ಬೆಳಕು ಹಾಯಿಸಿದರೆ, ಅದರ ಅಣುಗಳ ಕುಣಿತ ಕಾಗದದ ಮೇಲೆ ಗೆರೆಯಾಗಿ ಬರುತ್ತದೆ. ಉಸಿರಿನ ತೇವ ತಾಗಿದರೂ ಬಿಲ್ಲೆ ಮಬ್ಬು. ಹಾಗಾಗಿ ಬಿಲ್ಲೆ ಕೈಯಲ್ಲಿದ್ದಾಗ ಲ್ಯಾಬಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಬಾಯಿಬಡುಕಿಯಾದ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೇ!

ಸರ್ ಕಲಬುರಗಿ ಕಡೆಯವರು, ಮನೆ ಹಿಮಾಯತ್‌ನಗರದಲ್ಲಿ. ಆಫೀಸಿನವರೊಂದಿಗೆ ತೆಲುಗು, ಚಹಾದವನೊಂದಿಗೆ ಹಿಂದಿ. ಮೈಸೂರಿನಿಂದ ಪಿಎಚ್‌ಡಿಗೆ ಬಂದ ನನ್ನೊಂದಿಗೆ ಮಾತ್ರ ಕನ್ನಡ, ಅದೂ ಬೈಯುವುದಕ್ಕೆ. ದ್ರವ ಬೆರೆಸಿಕೊಡುವುದೊಂದು ಬಿಟ್ಟರೆ ನನ್ನ ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಒಂದು ಕಾಲ್ಪನಿಕ ಡಬ್ಬಿಗೆ ಕೆಲವು ನೂರು ಅಣುಗಳನ್ನು ತುಂಬಿ, ದ್ರವದೊಳಗೆ ಅವು ಒಂದನ್ನೊಂದು ಹೇಗೆ ಎಳೆಯುತ್ತವೆಂದು ಲೆಕ್ಕ ಹಾಕಿಸುವುದು.

"ನಿನ್ನ ಡಬ್ಬಿ ನೀ ಹೇಳಿದ್ದಕ್ಕೆಲ್ಲ ಹೂಂ ಅಂತೈತಿ ತಂಗಿ. ದ್ರವ ಹಂಗಲ್ಲ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಳೆಗಾಲ, ಆಲ್ಕೋಹಾಲ್ ಬೆರೆಸಿದ ದ್ರಾವಕದ ಗೆರೆಯಲ್ಲಿ ಯಾರೂ ಕಂಡಿರದ ಸಣ್ಣ ಉಬ್ಬೊಂದು ಕಾಣಿಸಿತು. ಆಲ್ಕೋಹಾಲ್ ಅಣುಗಳು ಹೊಸ ರೀತಿಯಲ್ಲಿ ಕೈ ಹಿಡಿದಿವೆ ಎಂದುಕೊಂಡೆ. ನನ್ನ ಡಬ್ಬಿಯ ಸಿಮ್ಯುಲೇಶನ್ನಿನ ಅಂಕಿಗಳನ್ನು ಇಲ್ಲೊಂದು ಚೂರು, ಅಲ್ಲೊಂದು ಚೂರು ತಿರುವುತ್ತ ಕೂತೆ. ಆರು ವಾರಕ್ಕೆ ಅಲ್ಲೂ ಅದೇ ಉಬ್ಬು ಮೂಡಿತು. ನನ್ನ ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಈ ಒಂದು ಪ್ರಬಂಧ ಅಚ್ಚಾಗದಿದ್ದರೆ ಪಿಎಚ್‌ಡಿಯೇ ಇಲ್ಲ. ಸರ್‌ಗೂ ಅದು ನಿವೃತ್ತಿಗೆ ಮುಂಚಿನ ಕೊನೆಯ ಪ್ರಬಂಧ. ಯಾವತ್ತೂ ಹೊಗಳದವರು ಅಂದು ಇಡೀ ಲ್ಯಾಬಿಗೆ ಚಹಾ, ಉಸ್ಮಾನಿಯಾ ಬಿಸ್ಕತ್ತು ತರಿಸಿದರು.

ಪ್ರಬಂಧ ಕಳಿಸಬೇಕಾದ ದಿನ ಬೆಳಿಗ್ಗೆ ಸರ್ ಬಿಲ್ಲೆಗಳನ್ನು ಎತ್ತಿಡಲು ಹೋದರು. ಒಂದನ್ನು ಬೆಳಕಿಗೆ ಹಿಡಿದವರು ನನ್ನನ್ನು ಕರೆದು ತೋರಿಸಿದರು. ದ್ರವ ತಾಗಿದ ಕಡೆ ಮಾತ್ರ ದುಂಡಗೆ ಮಬ್ಬಾಗಿತ್ತು. ಉಪ್ಪು ಕರಗಿಸುವುದು ಯಾವುದೆಂದು ಕೇಳಬೇಕೇ?

"ಆಲ್ಕೋಹಾಲ್ ಬ್ಯಾಡ. ಬರೇ ದ್ರಾವಕ ಹಾಕಿ ನೋಡು" ಎಂದರು. ಹಾಕಿದೆ. ಆಲ್ಕೋಹಾಲ್ ಇಲ್ಲದೆಯೂ ಉಬ್ಬು ಇದ್ದಲ್ಲೇ ಇತ್ತು. ಅದು ನೀರು. ದ್ರಾವಕದ ಸೀಸೆಯ ಮುಚ್ಚಳ ನಾನು ಸಡಿಲ ಬಿಟ್ಟಿದ್ದೆ, ಮಳೆಗಾಲದ ತೇವ ಒಳಗಿಳಿದಿತ್ತು. ಒಂದು ಹನಿ ನೀರೂ ಇಲ್ಲದ ನನ್ನ ಡಬ್ಬಿಯಲ್ಲಿ ಆರು ವಾರ ಕೂತು ನೀರಿನ ಉಬ್ಬು ಹುಟ್ಟಿಸಿದ್ದೆ, ಮಹಾ ಜಾಣೆ!

ಅತ್ತುಬಿಟ್ಟೆ. ಆದರೆ ಮುಚ್ಚಳದ ಮಾತು ಬಾಯಿಗೆ ಬರಲಿಲ್ಲ. ಅವರು ಕೇಳಲೂ ಇಲ್ಲ.

"ಬರೇ ದ್ರಾವಕದ ಗೆರಿ ಮೊದಲ ನೋಡಬೇಕಿತ್ತು. ನನಗೂ ಆ ಉಬ್ಬು ಬೇಕಾಗಿತ್ತವಾ, ಅದಕ್ಕ ನೋಡಲಿಲ್ಲ" ಎಂದಷ್ಟೇ ಅಂದರು.

ಪ್ರಬಂಧ ಹೋಗಲಿಲ್ಲ. ಪಿಎಚ್‌ಡಿ ಸಮಿತಿಯ ಮುಂದೆ ತಪ್ಪೆಲ್ಲ ತಮ್ಮದೆಂದು ಹೇಳಿ ನನಗೆ ಆರು ತಿಂಗಳು ಹೆಚ್ಚಿಗೆ ಕೊಡಿಸಿದರು. ಪಕ್ಕದಲ್ಲೇ ಕೂತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಚಳಿಗಾಲದ ಒಣ ಗಾಳಿಯಲ್ಲಿ ಎಲ್ಲವನ್ನೂ ಮತ್ತೆ ಮಾಡಿದೆ. ಉಬ್ಬಿಲ್ಲದ ಸಪ್ಪೆ ಗೆರೆಯ ಮೇಲೆಯೇ ನನಗೆ ಪಿಎಚ್‌ಡಿ ಆಯಿತು. ಆ ಹೊತ್ತಿಗೆ ಸರ್ ನಿವೃತ್ತರಾಗಿದ್ದರು. ಆ ಸಪ್ಪೆ ಗೆರೆಯ ಬಗ್ಗೆ ಅಚ್ಚಾದ ಪ್ರಬಂಧದಲ್ಲಿ ತಮ್ಮ ಹೆಸರು ಬೇಡವೆಂದರು.

ನಾನೀಗ ನಾಚಾರಂನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ದಿನದ ಮೊದಲ ಗೆರೆ ಬರೀ ದ್ರಾವಕದ್ದೇ. ಕೈಕೆಳಗಿನ ಹುಡುಗಿಯರು ಹಿಂದಿನಿಂದ ನಗುತ್ತಾರೆ, ನಗಲಿ.

ಹೋದ ವರ್ಷ ಸರ್ ತೀರಿಕೊಂಡರೆಂದು ತಿಳಿದು ಅವರ ಮನೆಗೆ ಹೋದೆ. ಓದುವ ಮೇಜಿನ ಎದುರು ಗೋಡೆಯ ಮೇಲೆ ಆ ಹಳೆಯ ಗೆರೆ, ಕಟ್ಟು ಹಾಕಿಸಿದ್ದು. ಉಬ್ಬಿನ ಸುತ್ತ ಪೆನ್ಸಿಲಿನ ಸುತ್ತು, ಕೆಳಗೆ ಅವರೊಬ್ಬರದೇ ಸಹಿ.

ಅವರ ಮಗಳು ಪಕ್ಕಕ್ಕೆ ಬಂದು ನಿಂತರು. "ಇದೇನಂತ ನಿಮಗ ಗೊತ್ತೈತೇನ್ರಿ? ಯಾರು ಕೇಳಿದ್ರೂ ಅಪ್ಪ, ಅದು ನನ್ನ ತಪ್ಪು ಅಂತಿದ್ರು."

"ಅಲ್ಲ ಅಕ್ಕಾ, ಅದು ನನ್ನದು" ಎಂದೆ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.