ಗುಂಡ್ಲುಪೇಟೆಗೆ ಹೋಗಿ ಜಯಪಾಲನನ್ನು ಪಾಸು ಮಾಡಿದ್ದು

ಚಾಮರಾಜನಗರದ ಬಸ್ ಸ್ಟ್ಯಾಂಡಿಗೆ ಬೆಳಿಗ್ಗೆ ಎಂಟಕ್ಕೇ ಬಂದು ನಿಂತೆ. ಗುಂಡ್ಲುಪೇಟೆ ಬಸ್ಸು ಎಂಟೂಕಾಲಕ್ಕೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಬಂದದ್ದು ಒಂಬತ್ತಾದ ಮೇಲೆ. ಬಂದ ಬಸ್ಸಿನಿಂದ ಇಳಿದ ಡ್ರೈವರು ನಮ್ಮ ಯಾರ ಮುಖವನ್ನೂ ನೋಡದೆ ಸೀದಾ ಹೋಟೆಲಿಗೆ ನುಗ್ಗಿದ. ಯಾವಾಗಪ್ಪಾ ಹೊರಡುವುದು ಎಂದು ಕಂಡಕ್ಟರನ್ನು ಕೇಳಿದರೆ, "ಓಯ್ತದೆ ಕಣಮ್ಮ, ಬಸ್ಸೇನು ಇಲ್ಲೇ ಮನೆ ಕಟ್ಕಂಡು ಇರ್ತದಾ?" ಎಂದ. ಕರ್ಮ ಎನ್ನುವ ಮಾತನ್ನು ನಾವು ಕ್ರೈಸ್ತರು ಆಡಬಾರದು. ಮೂವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟವಳು ನಾನು. ಆದರೂ ಆ ಬೆಳಿಗ್ಗೆ ನನ್ನ ಬಾಯಿಂದ ಹೊರಟದ್ದು ಅದೇ ಮಾತು.

ಹೊರಟಿದ್ದ ಕೆಲಸವೇ ನನಗೆ ಬೇಡವಾಗಿತ್ತು. ನನ್ನ ತಂಗಿ ಲೀಲಾಳ ಗಂಡ ಜಯಪಾಲ ಗುಂಡ್ಲುಪೇಟೆಯಲ್ಲಿ ಹಾಸಿಗೆ ಹಿಡಿದಿದ್ದ. ಲಿವರ್ ಪೂರಾ ಹೋಗಿದೆ, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಮೈಸೂರಿನ ಡಾಕ್ಟರು ಕಳಿಸಿಬಿಟ್ಟಿದ್ದರು. ಈ ಮಹಾನುಭಾವ ಬಂಡೀಪುರದ ಕಾಡು ದಾಟಿ ಕೇರಳಕ್ಕೆ ಲಾರಿ ಓಡಿಸುತ್ತಿದ್ದವನು. ಹಾಗೆ ಓಡಿಸುತ್ತಾ ಓಡಿಸುತ್ತಾ ಸುಲ್ತಾನ್ ಬತ್ತೇರಿಯಲ್ಲಿ ಇನ್ನೊಂದು ಸಂಸಾರ ಹೂಡಿ, ಲೀಲಾಳನ್ನೂ ಎರಡು ಹೆಣ್ಣುಮಕ್ಕಳನ್ನೂ ಬಿಟ್ಟು ಅಲ್ಲೇ ಉಳಿದುಬಿಟ್ಟ. ಲೀಲಾ ಹೊಲಿಗೆ ಮಿಷನ್ ತುಳಿದು ಮಕ್ಕಳನ್ನು ಓದಿಸಿದಳು, ಮದುವೆ ಮಾಡಿದಳು. ಇವನು ಕುಡಿದು ಕುಡಿದು ಕಣ್ಣು ಹಳದಿಯಾದ ಮೇಲೆ ಬತ್ತೇರಿಯವಳು ಹೊರಗೆ ಹಾಕಿದಳು. ಹಿಂದಿನ ಕ್ರಿಸ್ಮಸ್ಸಿನ ಹೊತ್ತಿಗೆ ಒಂದು ಕೈಚೀಲ ಹಿಡಿದು ಬಂದು ಲೀಲಾಳ ಬಾಗಿಲಲ್ಲಿ ನಿಂತ. ಇವಳು ಬಾಗಿಲು ತೆಗೆದಳು. ನಾನಾಗಿದ್ದರೆ ಇನ್ನೊಂದು ಚಿಲಕ ಹಾಕಿಸುತ್ತಿದ್ದೆ.

ಅವನನ್ನು ನಮ್ಮ ಚರ್ಚಿನ ಸಭೆಯಿಂದ ಹೊರಗಿಟ್ಟು ವರ್ಷಗಳಾಗಿದ್ದವು. ಹೊರಗಿಟ್ಟವರಿಗೆ ಕರ್ತನ ಭೋಜನವಿಲ್ಲ, ಅಂದರೆ ಆರಾಧನೆಯ ಕೊನೆಯಲ್ಲಿ ಪಾದ್ರಿಗಳು ಕೊಡುವ ರೊಟ್ಟಿಯ ಚೂರು ಮತ್ತು ದ್ರಾಕ್ಷಾರಸ. ನಮ್ಮಲ್ಲಿ ಅದಕ್ಕೆ ಗಂಡ ಹೆಂಡತಿ ಜೊತೆಯಾಗಿ ಹೋಗಿ ಮೊಣಕಾಲೂರುವುದು ವಾಡಿಕೆ. ಲೀಲಾ ಇಷ್ಟು ವರ್ಷವೂ ವಿಧವೆಯರ ಹಿಂದೆ, ಎಲ್ಲರಿಗಿಂತ ಕೊನೆಗೆ, ಒಬ್ಬಳೇ ಹೋಗುತ್ತಿದ್ದಳು. ಅವನು ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಸಲ ಅವನ ಪಕ್ಕದಲ್ಲಿ ಕೂತು ತೆಗೆದುಕೊಳ್ಳಬೇಕು ಎಂದು ಅವಳಿಗೆ ಆಸೆ. ಅವನೂ ಈಗ ನಂಬಿಕೆಗೆ ಬಂದಿದ್ದಾನಂತೆ. ನಿಜವಾಗಿ ಬಂದಿದ್ದಾನೋ ಇಲ್ಲವೋ ಎಂದು ಸಭೆಯ ಹಿರಿಯರೊಬ್ಬರು ವಿಚಾರಿಸಿ ಹೇಳಬೇಕು, ಆಮೇಲೆ ಪಾದ್ರಿಗಳು ರೊಟ್ಟಿ ತರಬೇಕು. ನಾವು ಅಯ್ಯನವರು ಎಂದು ಕರೆಯುವ ನಮ್ಮ ಪಾದ್ರಿಗಳು ಆ ಕೆಲಸಕ್ಕೆ ನನ್ನನ್ನೇ ಹಿಡಿದರು. ನೀವು ಆಗಬಹುದು ಅಂದರೆ ಸಭೆಯಲ್ಲಿ ಇನ್ಯಾರೂ ಉಸಿರೆತ್ತುವುದಿಲ್ಲ ಟೀಚರ್ ಎಂದರು. ಮಧ್ಯಾಹ್ನದವರೆಗೆ ಅವರಿಗೆ ಹಿಂದೂ ಸ್ನೇಹಿತರೊಬ್ಬರ ಮನೆಯ ಮದುವೆಯಿತ್ತು. ನಾನು ಅಲ್ಲಿಂದ ಫೋನ್ ಮಾಡಿದರೆ ಮೂರರ ಬಸ್ಸಿಗೆ ಹೊರಡುತ್ತೇನೆ ಎಂದರು. ಆಗುವುದಿಲ್ಲ ಎಂದು ಹೇಳುವುದಕ್ಕೆಂದೇ ನಾನು ಬಸ್ಸು ಹತ್ತಿದೆ. ಲೀಲಾ ಅಳುತ್ತಾಳೆ, ಅಳಲಿ ಎಂದುಕೊಂಡಿದ್ದೆ.

ಟಿಕೆಟ್ಟು ಏಳು ರೂಪಾಯಿ. ಸೀಟು ಸಿಕ್ಕಿತು, ಕಾಲಿಡಲು ಜಾಗ ಸಿಗಲಿಲ್ಲ. ಯಾರೋ ಈರುಳ್ಳಿ ಮೂಟೆಯನ್ನು ನನ್ನ ಸೀಟಿನ ಕೆಳಗೇ ತುರುಕಿದ್ದರು. ಪಕ್ಕದಲ್ಲಿ ಹರವೆ ಕಡೆಯ ಒಬ್ಬ ಅರಿಸಿನದ ರೈತರು, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಹಸಿರು ಟವಲು. ಊರು ದಾಟುವಷ್ಟರಲ್ಲಿ ನನ್ನ ಹೆಸರು, ಕೆಲಸ, ಪೆನ್ಷನ್ನು, ಮದುವೆ ಯಾಕಾಗಲಿಲ್ಲ ಎಲ್ಲವನ್ನೂ ಕೇಳಿ ಮುಗಿಸಿದರು. ಹೋಗುತ್ತಿರುವುದು ಯಾಕೆ ಎಂದೂ ಕೇಳಿದರು. ಹೇಳದಿದ್ದರೆ ಬಿಡುವ ಆಸಾಮಿಯಲ್ಲ, ಹೇಳಿದೆ. ಹೇಳಿದ್ದೇ ತಪ್ಪಾಯಿತು.

ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದವನು ಸಾಯುವ ಕಾಲಕ್ಕೆ ನಂಬಿದೆ ಅಂದುಬಿಟ್ಟರೆ ಎಲ್ಲ ಸರಿಹೋಗುತ್ತದೆಯೋ ಎಂದು ಅವರು ಕೇಳಿದರು. ಒಂದು ಗಳಿಗೆ ಹಿಂದೆ ನಾನೂ ಮನಸ್ಸಿನಲ್ಲಿ ಅದನ್ನೇ ಕೇಳಿಕೊಂಡಿದ್ದೆ. ಆದರೆ ಬೇರೆಯವರ ಬಾಯಲ್ಲಿ ಕೇಳಿದ ಕೂಡಲೇ ನನ್ನೊಳಗಿನ ಟೀಚರು ಎದ್ದು ನಿಂತಳು. ಮನುಷ್ಯ ತನ್ನ ಒಳ್ಳೆಯತನದಿಂದ ದೇವರ ಮುಂದೆ ನೀತಿವಂತನಾಗಲಾರ, ದೇವರು ಕೃಪೆಯಿಂದ ಕೊಟ್ಟದ್ದನ್ನು ನಂಬಿಕೆಯಿಂದ ತೆಗೆದುಕೊಳ್ಳಬೇಕು ಅಷ್ಟೇ, ಒಳ್ಳೆಯ ನಡತೆ ಆಮೇಲೆ ಬರುತ್ತದೆ, ಮರ ನೆಟ್ಟ ಮೇಲೆ ಹಣ್ಣು ಬಂದ ಹಾಗೆ ಎಂದು ವಿವರಿಸಿದೆ. ಅವರು ಕಣ್ಣು ಕಿರಿದು ಮಾಡಿ ಪೂರ್ತಿ ಕೇಳಿಸಿಕೊಂಡರು.

"ನಿಮ್ದು ಸಲೀಸು ಕಣವ್ವ," ಎಂದರು. "ನಮ್ದು ಮಾಡಿದ್ದುಣ್ಣೋ ಮಾರಾಯ. ಅಲ್ಲ, ಅವ್ನ ಮರ ಅಣ್ಣು ಬುಡೋದು ಯಾವಾಗ? ಗುಂಡಿಗೆ ಇಟ್ಟ ಮೇಲಾ?"

ಹಿಂದಿನ ಸೀಟಿನವರು ನಕ್ಕರು. ನನಗೆ ಮೈಯೆಲ್ಲ ಉರಿದು ಹೋಯಿತು. ಉರಿದದ್ದು ಆ ರೈತರ ಮೇಲಲ್ಲ. ಜಯಪಾಲನಂಥವನ ಪರವಾಗಿ ತುಂಬಿದ ಬಸ್ಸಿನಲ್ಲಿ ವಾದ ಮಾಡುವ ಗತಿ ನನಗೆ ಬಂತಲ್ಲ ಎಂದು.

ತೆರಕಣಾಂಬಿಯಲ್ಲಿ ಡ್ರೈವರಿಗೆ ಮತ್ತೆ ಹಸಿವಾಯಿತು. ಅರ್ಧ ಗಂಟೆ ನಿಂತೆವು. ಮಾರ್ಚ್ ತಿಂಗಳ ಬಿಸಿಲು, ಹುಣಸೆ ಮರಗಳು ಬಿಟ್ಟರೆ ಎಲ್ಲೂ ನೆರಳಿಲ್ಲ. ರೈತರು ಕೆಳಗಿಳಿದು ಎರಡು ಲೋಟ ಕಾಫಿ ತಂದು ಒಂದನ್ನು ನನ್ನ ಕೈಗಿಟ್ಟರು. ದುಡ್ಡು ಕೊಡಲು ಹೋದರೆ ಬೇಸರ ಮಾಡಿಕೊಂಡರು. ಕಾಫಿಗೆ ಬೆಲ್ಲ ಜಾಸ್ತಿಯಾಗಿತ್ತು, ಆದರೂ ಕುಡಿದೆ. ಮೂವತ್ತೈದು ಕಿಲೋಮೀಟರಿಗೆ ಎರಡು ಗಂಟೆ ತೆಗೆದುಕೊಂಡು ಬಸ್ಸು ಗುಂಡ್ಲುಪೇಟೆ ಮುಟ್ಟಿತು. ಊಟಿ ರಸ್ತೆಯಲ್ಲಿ ಕೇರಳದ ತರಕಾರಿ ಲಾರಿಗಳು ಸಾಲಾಗಿ ನಿಂತು ದಾರಿಯೇ ಇರಲಿಲ್ಲ. ಒಂದೊಂದು ಲಾರಿಯನ್ನು ಸುತ್ತಿ ದಾಟುವಾಗಲೂ ಜಯಪಾಲನಿಗೆ ಒಂದೊಂದು ಶಾಪ ಹಾಕಿದೆ.

ಲೀಲಾಳದು ವಠಾರದ ಮನೆ. ಒಂದು ಕೋಣೆ, ಹಿಂದೆ ಅಡುಗೆಮನೆ. ಬಾಗಿಲಿಗೆ ಬರುವಾಗಲೇ ಕೋಳಿ ಸಾರಿನ ವಾಸನೆ ಬಂತು. ಅದು ಉಪವಾಸದ ಕಾಲ, ಈಸ್ಟರ್ ತನಕ ನಮ್ಮ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ನಾನು ಮುಖ ಸಿಂಡರಿಸಿದ್ದನ್ನು ನೋಡಿ, ಅವರು ಆಸೆಪಟ್ಟರು ಅಕ್ಕ ಎಂದು ಲೀಲಾ ತಲೆ ತಗ್ಗಿಸಿದಳು. ಆಸೆಪಟ್ಟದ್ದನ್ನೆಲ್ಲ ಅವನು ಈ ಜನ್ಮದಲ್ಲಿ ಯಾವುದನ್ನು ತಾನೇ ಬಿಟ್ಟಿದ್ದ?

ಜಯಪಾಲ ಕಿಟಕಿಯ ಪಕ್ಕದ ಮಂಚದ ಮೇಲಿದ್ದ. ಲಾರಿಯ ಬಾಗಿಲು ತುಂಬ ಕೂರುತ್ತಿದ್ದ ಆಳು, ಈಗ ಹೊಟ್ಟೆಯೊಂದು ಬಿಟ್ಟರೆ ಉಳಿದದ್ದೆಲ್ಲ ಮೂಳೆ. ಅವನು ಬತ್ತೇರಿಗೆ ಹೋದಾಗಿನಿಂದ ನಾನು ಅವನೊಡನೆ ಮಾತಾಡಿರಲಿಲ್ಲ. ಅವನಿಗೆ ಅದರ ನೆನಪೇ ಇಲ್ಲವೇನೋ ಎಂಬಂತೆ ನಕ್ಕ. ಬನ್ನಿ ಅತ್ಗೆ, ಪರೀಕ್ಷೆಗೆ ನಾನು ಏನೂ ಓದ್ಕಂಡಿಲ್ಲ ಎಂದ. ಸಾಯುವವನು ಗಂಭೀರವಾಗಿರಬೇಕು ಎಂಬ ಕನಿಷ್ಠ ಮರ್ಯಾದೆಯೂ ಇಲ್ಲದ ಮನುಷ್ಯ.

ಲೀಲಾ ಒಳಗೆ ಹೋದಳು. ನಾನು ಸ್ಟೂಲೆಳೆದು ಕೂತೆ. ಬಸ್ಸಿನಲ್ಲೇ ಪ್ರಶ್ನೆಗಳನ್ನು ಜೋಡಿಸಿಕೊಂಡಿದ್ದೆ. ಯಾವುದರಲ್ಲಾದರೂ ಸಿಕ್ಕಿಬೀಳುತ್ತಾನೆ ಎಂಬ ಭರವಸೆಯಿತ್ತು. ದೇವರು ನಿನ್ನನ್ನು ಯಾಕೆ ಸೇರಿಸಿಕೊಳ್ಳಬೇಕು, ಒಂದು ಕಾರಣ ಹೇಳು ಎಂದೆ. ಪಶ್ಚಾತ್ತಾಪಪಟ್ಟಿದ್ದೇನೆ, ಕುಡಿತ ಬಿಟ್ಟಿದ್ದೇನೆ, ದಿನಾ ಪ್ರಾರ್ಥನೆ ಮಾಡುತ್ತೇನೆ ಎಂದು ಶುರುಮಾಡಿದರೆ ಅಲ್ಲೇ ಹಿಡಿಯುವುದು ಎಂದು ಕಾದೆ.

"ಸೇರಿಸ್ಕಳೋ ಅಂತದ್ದು ನಂತಾವ ಏನೈತೆ ಅತ್ಗೆ?" ಎಂದ. "ಏನೂ ಇಲ್ಲ. ಆವಯ್ಯ ಕೊಟ್ಟ, ನಾನು ಈಸ್ಕಂಡೆ."

ಅಷ್ಟೇ. ಮೂವತ್ತು ವರ್ಷ ಮಕ್ಕಳ ಬಾಯಿಂದ ಈ ಉತ್ತರ ಬರಲಿ ಎಂದು ನಾನು ಗಂಟಲು ಹರಿದುಕೊಂಡಿದ್ದೇನೆ. ನಾವು ಸುಳ್ಳು ಹೇಳುವುದಿಲ್ಲ, ಅಮ್ಮನ ಮಾತು ಕೇಳುತ್ತೇವೆ ಎಂದೇ ಮಕ್ಕಳೆಲ್ಲ ಒದರುತ್ತಿದ್ದರು. ಕೊನೆಗೆ ತಪ್ಪಿಲ್ಲದೆ ಹೇಳಿದವನು ಇವನು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೋಧನೆಯೆಲ್ಲ ಪಕ್ಕಕ್ಕಿಟ್ಟು, ಲೀಲಾಳ ಹತ್ತಿರ ಕ್ಷಮೆ ಕೇಳಿದೆಯೋ ಎಂದು ಕೇಳಿಬಿಟ್ಟೆ.

ಅವನ ನಗು ನಿಂತಿತು. ಕಿಟಕಿಯ ಕಡೆ ಮುಖ ತಿರುಗಿಸಿದ. ಇಲ್ಲ ಎಂದ. ಯಾಕೆ ಎಂದೆ.

"ಕೇಳುದ್ರೆ ಕೊಟ್ಬುಡ್ತಾಳೆ ಅತ್ಗೆ. ಅದ್ಕೇ ಕೇಳಕಾಯ್ತಿಲ್ಲ. ಆಗಾಕಿಲ್ಲ ಓಗು ಅನ್ನೋಳಾಗಿದ್ರೆ ಯಾವತ್ತೋ ಕೇಳ್ಬುಡ್ತಿದ್ದೆ."

ದೇವರ ಹತ್ತಿರ ಮಾತ್ರ ಸಲೀಸಾಗಿ ಈಸಿಕೊಂಡೆಯಲ್ಲ ಎಂದು ಚುಚ್ಚಿದೆ.

"ದೇವ್ರ ಮಕ ಕಾಣಾಕಿಲ್ವಲ್ಲ. ಇವ್ಳು ದಿನಾ ಎದ್ರಿಗೆ ಕುಂತು ಗಂಜಿ ಕುಡುಸ್ತಾಳೆ."

ಸಿಕ್ಕಿಬಿದ್ದ ಎಂದುಕೊಂಡೆ. ಈಗ ಅವಳನ್ನು ಕರೆಯುತ್ತೇನೆ, ನನ್ನೆದುರಿಗೆ ಕೇಳು, ಇಲ್ಲದಿದ್ದರೆ ಫೋನೂ ಇಲ್ಲ ರೊಟ್ಟಿಯೂ ಇಲ್ಲ ಎಂದೆ. ನನ್ನ ದನಿ ಕ್ಲಾಸಿನಲ್ಲಿ ಏರುವ ಹಾಗೆ ಏರಿತ್ತು. ವಠಾರದ ಅರ್ಧ ಜನರಿಗೆ ಕೇಳಿಸಿರಬೇಕು. ಕರೆಯುವ ಮೊದಲೇ ಲೀಲಾ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹುಟ್ಟಿದಾಗಿನಿಂದ ಅವಳು ನನಗೆ ಎದುರು ಮಾತಾಡಿದವಳಲ್ಲ.

"ಅಕ್ಕ, ನಾನು ಕೊಟ್ಟಾಯ್ತು. ಇವರು ಹೊಸ್ತಿಲು ದಾಟಿದ ದಿನವೇ ಕೊಟ್ಟಾಯ್ತು. ಅದಕ್ಕೆ ಈಗ ಇವರ ಕೈಲಿ ಬೆಲೆ ಕಟ್ಟಿಸಬೇಡ."

ಹೊರಗೆ ಯಾವುದೋ ಲಾರಿ ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಜಯಪಾಲ ಕಿಟಕಿಯ ಕಡೆ ತಿರುಗಿದ್ದವನು ತಿರುಗಿಯೇ ಇದ್ದ, ಹೆಗಲು ಅಲುಗುತ್ತಿತ್ತು. ಹಾಗೇ "ಲೀಲಾ" ಎಂದ.

"ಸುಮ್ನಿರಿ, ಸಾರು ಆರೋಗುತ್ತೆ," ಎಂದು ಅವಳು ಒಳಗೆ ಹೋದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಬಂದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತಿತ್ತು. ಒಳಗೆ ಒಬ್ಬ ಮಲಯಾಳಿ ಲಾರಿ ಡ್ರೈವರು ಮನೆಯವರ ಜೊತೆ ಜಗಳವಾಡುತ್ತಿದ್ದ. ಮುಗಿಯುವವರೆಗೆ ಬಿಸಿಲಿನಲ್ಲಿ ನಿಂತೆ. ಆಗುವುದಿಲ್ಲ ಎಂದು ಹೇಳುವುದಕ್ಕೆ ನನ್ನ ಹತ್ತಿರ ಇನ್ನೂ ಸಮಯವಿತ್ತು. ಎಷ್ಟು ಹುಡುಕಿದರೂ ಒಂದು ಕಾರಣ ಸಿಗಲಿಲ್ಲ. ಅವನು ಕೆಟ್ಟವನು ಎಂಬುದೊಂದು ಇತ್ತು, ಅದನ್ನು ನಮ್ಮ ಧರ್ಮ ಕಾರಣವೆಂದು ಒಪ್ಪುವುದಿಲ್ಲ. ಇಂಥ ಧರ್ಮವನ್ನು ಇಷ್ಟು ವರ್ಷ ಪಾಠ ಮಾಡಿದೆನಲ್ಲ ಎಂದು ಮೊದಲ ಸಲ ನನಗೆ ಬೇಜಾರಾಯಿತು. ಅಯ್ಯನವರು ಸಿಕ್ಕಿದಾಗ ರೊಟ್ಟಿ ತನ್ನಿ ಎಂದೆ. ನಂಬಿಕೆ ಇದೆಯೋ ಎಂದು ಕೇಳಿದರು. ಇದೆ, ಅದೊಂದೇ ಇರುವುದು, ಬೇರೆ ಏನೂ ಇಲ್ಲ ಎಂದೆ. ಅಷ್ಟು ಸಾಕಲ್ಲ ಟೀಚರ್ ಎಂದು ಅವರು ನಕ್ಕಾಗ ಫೋನ್ ಕುಕ್ಕಿದೆ.

ಅಯ್ಯನವರು ಐದೂವರೆಗೆ ಬಂದರು, ಮದುವೆ ಮನೆಯ ಸೆಂಟಿನ ವಾಸನೆ ಸಮೇತ. ಲೀಲಾ ಟ್ರಂಕಿನಿಂದ ಬಿಳಿ ಸೀರೆ ತೆಗೆದು ಉಟ್ಟಿದ್ದಳು. ಅವನ ಗಡ್ಡ ಹೆರೆದು, ತಲೆ ಬಾಚಿ, ಎರಡು ದಿಂಬು ಕೊಟ್ಟು ಕೂರಿಸಿದ್ದಳು. ಹೊಲಿಗೆ ಮಿಷನ್ನಿನ ಮೇಲೆ ಒಗೆದ ಬಟ್ಟೆ ಹಾಸಿ ಅದರ ಮೇಲೆ ತಟ್ಟೆ, ಲೋಟ ಇಟ್ಟರು. ಅವಳು ಮಂಚದ ಮೇಲೆ ಅವನ ಪಕ್ಕದಲ್ಲಿ ಕೂತಳು. ಅಯ್ಯನವರು ಚೂರು ಕೊಟ್ಟಾಗ ಅವನ ಕೈ ನಡುಗಿ ಬೀಳುವಂತಾಯಿತು. ಅವಳು ಕೆಳಗಿನಿಂದ ಅವನ ಕೈಯನ್ನು ಹಿಡಿದುಕೊಂಡಳು. ಹಾಗೇ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತನ್ನದನ್ನು ತೆಗೆದುಕೊಂಡಳು. ಅವಳ ಮದುವೆಯ ದಿನ ನಾನೇ ಪಕ್ಕದಲ್ಲಿ ನಿಂತಿದ್ದೆ. ಆ ದಿನವೂ ಅವಳ ಮುಖ ಅಷ್ಟು ಚೆನ್ನಾಗಿರಲಿಲ್ಲ. ನನಗೆ ದುಃಖ ಒತ್ತರಿಸಿ ಬಂತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಆಮೇಲೆ ಅಯ್ಯನವರು ತಟ್ಟೆ ಹಿಡಿದು ನನ್ನ ಕಡೆ ತಿರುಗಿದರು. ಒಬ್ಬರ ಮೇಲೆ ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ಇದನ್ನು ತೆಗೆದುಕೊಳ್ಳಬಾರದು. ಅದೂ ನಾನೇ ಕಲಿಸಿದ ಪಾಠ. ನನ್ನೊಳಗೆ ಎಷ್ಟಿತ್ತು ಎಂಬುದು ನನಗೆ ಗೊತ್ತಿತ್ತು. ನನಗೆ ಬೇಡ ಎಂದೆ. ಅಯ್ಯನವರು ಏನು ಮಾಡಬೇಕೋ ತಿಳಿಯದೆ ಹಾಗೇ ನಿಂತರು. ಲೀಲಾ ಗಾಬರಿಯಿಂದ ನನ್ನ ಮುಖ ನೋಡಿದಳು.

"ಕೊಡಿ ಅಯ್ಯನವ್ರೆ," ಎಂದ ಜಯಪಾಲ, ದಿಂಬಿಗೆ ಒರಗಿಕೊಂಡೇ. "ಅತ್ಗೆನೂ ನಮ್ಮೋರೇ."

ಹದಿನಾರನೆಯ ವಯಸ್ಸಿನಿಂದ ಒಂದು ತಿಂಗಳೂ ತಪ್ಪದೆ ಕರ್ತನ ಭೋಜನ ತೆಗೆದುಕೊಂಡವಳು ನಾನು. ಸಭೆಯ ಹಿರಿಯಳು. ಅವನು ಸಭೆಯೊಳಗೆ ಮರಳಿ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಕೈ ಚಾಚಿದೆ, ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಅವತ್ತು ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು, ಬೈಯುವುದಕ್ಕೆ ಏನೂ ಇರಲಿಲ್ಲ. ಲೀಲಾ ಬಸ್ ಸ್ಟ್ಯಾಂಡಿನವರೆಗೆ ಬಂದು ಕೈ ಬೀಸಿದಳು. ಬಸ್ಸು ಹೊರಳಿ ಅವಳು ಮರೆಯಾಗುವವರೆಗೆ ತಿರುಗಿ ನೋಡಿದೆ. ಆಮೇಲೆ, ಆ ಜಯಪಾಲನಂಥವನ ಶಿಫಾರಸಿನ ಮೇಲೆ ನನಗೆ ರೊಟ್ಟಿ ಸಿಕ್ಕಿತಲ್ಲ ಎಂದು ಊರು ಮುಟ್ಟುವವರೆಗೂ ಉರಿದುಕೊಂಡೇ ಬಂದೆ.