ಬಾಲು ಸಾರ್ ಮತ್ತು ಅಣಬೆಯ ಮದ್ದು

ಗಲ್ಫಿನ ವಾದಿ ಕಬೀರ್ ಬಡಾವಣೆಯಿಂದ ನಾವು ನಾಲ್ವರು ಕೂಡಿ ಆಫೀಸಿಗೆ ಹೋಗುವ ಕಾರಿನಲ್ಲಿ ಬಾಲು ಸಾರ್ ಎಂದೂ ಸುಮ್ಮನೆ ಕೂತವರಲ್ಲ. ಮೈಸೂರಿನ ಈ ಎಂಜಿನಿಯರ್ ಕಾಲು ಅಲ್ಲಾಡಿಸುತ್ತ, ಸೀಟ್ ಬೆಲ್ಟ್ ಎಳೆದು ಬಿಡುತ್ತ, ಫೋನಿನಲ್ಲಿ ಬಂದ ಸಂಶೋಧನೆಗಳನ್ನು ಓದಿ ಹೇಳುತ್ತಲೇ ಇರುತ್ತಾರೆ. “ಭ್ರಮೆ ಹುಟ್ಟಿಸೋ ಅಣಬೆ ಕಣ್ರೀ! ಅದರ ಸತ್ವ ಕೊಟ್ಟು ಡಾಕ್ಟರು ಪಕ್ಕದಲ್ಲೇ ಕೂತರೆ ಕೆಲವರಿಗೆ ಹಳೇ ಖಿನ್ನತೆಯೂ ಇಳಿಯುತ್ತಂತೆ” ಎನ್ನುತ್ತಾರೆ, ಮರುಕ್ಷಣವೇ ಬೆರಳೆತ್ತಿ, “ಆದರೆ ನೀವೇ ತಗೊಂಡರೆ ಬುದ್ಧಿ ಕೆಡಬಹುದು, ಇಲ್ಲಿ ಸಿಕ್ಕಿಬಿದ್ದರೆ ಜೈಲು, ಖಲಾಸ್!” ಎಂದು ನಮ್ಮನ್ನೇ ಗದರುತ್ತಾರೆ. ಬೆಳಗ್ಗೆಯೇ ಅಣಬೆ ಸಾರು ಕುದಿಯುತ್ತಿದೆ ಎಂದು ನಾವು ನಗುತ್ತಿದ್ದೆವು. ಮೊನ್ನೆ ಕಾರು ಓಡಿಸುವ ಮಂಗಳೂರಿನ ಬಾದುಶಾ ಕೇಳಿಯೇಬಿಟ್ಟ: “ಇದೆಲ್ಲ ಯಾರಿಗೆ ಮಾರಾಯ್ರೆ?” ಬಾಲು ಸಾರ್ ಕಾಲು ಅಲ್ಲಾಡಿಸುವುದು ನಿಂತಿತು. “ನನ್ನ ಹೆಂಡತಿ ವಿನುತಾಗೆ. ಅವಳ ಖಿನ್ನತೆಗೆ ಯಾವ ಮಾತ್ರೆಯಿಂದಲೂ ಗುಣ ಕಾಣಲಿಲ್ಲ. ಹೊರದೇಶದಲ್ಲಿ ಈ ಪ್ರಯೋಗ ಮಾಡೋರನ್ನ ಕೇಳಿದ್ವಿ. ಅವಳ ಅಣ್ಣನಿಗೆ ಸ್ಕಿಜೋಫ್ರೇನಿಯಾ ಅಂತ ತಿಳಿದ ಕೂಡಲೇ, ಅಂಥ ಮನೆಯವರಿಗೆ ಅಪಾಯ ಹೆಚ್ಚು, ಬೇಡ ಅಂದರು. ಅವಳಿಗಿನ್ನೂ ಹೇಳಿಲ್ಲ. ದಿನಾ ಸಂಜೆ, ಉತ್ತರ ಬಂತಾ ಅಂತ ಕೇಳ್ತಾಳೆ.” ಮರುದಿನ ಕಾರು ಹತ್ತುತ್ತಲೇ ಅವರು, “ಇನ್ನೊಂದು ಕಡೆ ಬೇರೆ ಮದ್ದು ನೋಡ್ತಿದ್ದಾರಂತೆ” ಎಂದು ಫೋನ್ ತೆಗೆದರು. ಬಾದುಶಾ ರೇಡಿಯೊ ಆಫ್ ಮಾಡಿದ. “ಓದಿ ಸಾರ್” ಅಂದೆ.